ಪಂಕ್ತಿಭೇದದ ಪ್ರಶ್ನೆ: ಗುರುಮಠದಿಂದ ಲೋಕಸಭೆಯವರೆಗೆ ಜಾರ್ಜ್ ಫರ್ನಾಂಡಿಸ್

ಪ್ರಸ್ತಾವನೆ

ಧರ್ಮಸಭೆಯ ಇತಿಹಾಸವನ್ನು ಬರೆಯುವವರು ಗುರುಮಠವನ್ನು ಸೇರಿ ಗುರುದೀಕ್ಷೆ ಪಡೆದವರ ಲೆಕ್ಕವನ್ನು ಇಡುತ್ತಾರೆ. ನಡುವೆ ಎದ್ದು ಹೊರನಡೆದವರ ಲೆಕ್ಕವನ್ನು ಇಡುವುದಿಲ್ಲ. ಅವರು ಏಕೆ ಹೋದರು, ಹೋಗುವಾಗ ಏನನ್ನು ಹೊತ್ತುಕೊಂಡು ಹೋದರು ಎಂಬ ಪ್ರಶ್ನೆಗಳೂ ಅವರೊಂದಿಗೇ ಹೊರಟುಹೋಗುತ್ತವೆ. ಬೆಂಗಳೂರಿನ ಮಲ್ಲೇಶ್ವರದ ಪಶ್ಚಿಮ ಭಾಗದಲ್ಲಿರುವ ಸಂತ ಪೇತ್ರರ ಗುರುಮಠದಿಂದ ಹೀಗೆ ಹೊರಟುಹೋದ ಒಬ್ಬ ತರುಣನ ಸಾರ್ವಜನಿಕ ಬದುಕನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ. 1946ರಲ್ಲಿ ಹದಿನಾರರ ಹರೆಯದಲ್ಲಿ ಅಲ್ಲಿಗೆ ಬಂದು, ಎರಡೂವರೆ ವರ್ಷ ತತ್ವಶಾಸ್ತ್ರ ಕಲಿತು, ಬಿಟ್ಟುಹೋದ ಜಾರ್ಜ್ ಫರ್ನಾಂಡಿಸರು ಮುಂದೆ ಒಂಬತ್ತು ಬಾರಿ ಲೋಕಸಭೆಗೆ ಚುನಾಯಿತರಾದರು. ಸಂಪರ್ಕ, ಕೈಗಾರಿಕೆ, ರೈಲ್ವೆ, ರಕ್ಷಣಾ ಖಾತೆಗಳ ಮಂತ್ರಿಗಳಾದರು. ಆದರೆ ಆ ದೀರ್ಘ ಪಯಣದ ಆರಂಭದಲ್ಲಿಯೂ ಕೊನೆಯ ಘಟ್ಟದಲ್ಲಿಯೂ ಅವರು ಸಣ್ಣ ಪಕ್ಷದ ಸದಸ್ಯರೇ ಆಗಿದ್ದರು.

ಅವರನ್ನು 'ನಮ್ಮವರು' ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರೂ 'ನಮ್ಮನ್ನು ಬಿಟ್ಟುಕೊಟ್ಟವರು' ಎಂದು ದೂರುವವರೂ ನಮ್ಮ ನಡುವೆ ಇದ್ದಾರೆ. ಈ ಎರಡು ಮಾತುಗಳಲ್ಲಿ ಒಂದನ್ನು ಎತ್ತಿಹಿಡಿಯುವುದು ಇಲ್ಲಿನ ಉದ್ದೇಶವಲ್ಲ. ಅವರು ಗುರುಮಠದಿಂದ ಹೊತ್ತುಕೊಂಡು ಹೋದ ಪ್ರಶ್ನೆ ಎಂತಹದು, ಸಂಸತ್ತಿನಲ್ಲಿ ಅದಕ್ಕೆ ಏನಾಯಿತು, ಆ ಪ್ರಶ್ನೆ ಇಂದು ಯಾರ ಬಳಿಗೆ ಮರಳಿ ಬಂದಿದೆ ಎಂಬುದಷ್ಟೇ ಇಲ್ಲಿನ ವಿಚಾರ.

1. ಊಟದ ಮನೆ

ಜಾರ್ಜ್ ಫರ್ನಾಂಡಿಸರು 1930ರ ಜೂನ್ 3ರಂದು ಮಂಗಳೂರಿನ ಕೊಂಕಣಿ ಭಾಷಿಕ ಕಥೋಲಿಕ ಕುಟುಂಬವೊಂದರಲ್ಲಿ ಹುಟ್ಟಿದರು. ತಂದೆ ಜಾನ್ ಜೋಸೆಫ್, ತಾಯಿ ಆಲಿಸ್. ಆರು ಮಂದಿ ಗಂಡುಮಕ್ಕಳಲ್ಲಿ ಇವರೇ ಹಿರಿಯರು. ಬ್ರಿಟನ್ನಿನ ದೊರೆ ಐದನೆಯ ಜಾರ್ಜನೂ ಜೂನ್ 3ರಂದೇ ಹುಟ್ಟಿದ್ದನಾದ್ದರಿಂದ ತಾಯಿ ಮಗನಿಗೆ ಆ ಹೆಸರನ್ನಿಟ್ಟರು. ಸಂತ ಅಲೋಶಿಯಸ್ ಸಂಸ್ಥೆಯಲ್ಲಿ ಶಿಕ್ಷಣವಾಯಿತು. ಹಿರಿಯ ಮಗ ವಕೀಲನಾಗಬೇಕೆಂಬುದು ತಂದೆಯ ಆಸೆ. ಆದರೆ ಮಂಗಳೂರಿನ ಹೊರವಲಯದಲ್ಲಿದ್ದ ತಮ್ಮ ಜಮೀನಿನಿಂದ ಒಕ್ಕಲುಗಳನ್ನು ಎಬ್ಬಿಸಲು ತಂದೆ ಮತ್ತೆಮತ್ತೆ ನ್ಯಾಯಾಲಯದ ಮೆಟ್ಟಿಲೇರುತ್ತಿದ್ದುದನ್ನು ಮಗ ಕಂಡಿದ್ದ. ವಕೀಲನಾಗಿ ಅಂತಹ ಮೊಕದ್ದಮೆಗಳನ್ನು ನಡೆಸುವುದು ತನಗೆ ಬೇಡವೆಂದು ಅವನು ಗುರುಮಠದ ದಾರಿ ಹಿಡಿದನೆಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಹೀಗೆ ಅವರ ದೈವಕರೆಯ ಬೇರಿನಲ್ಲಿಯೇ ನೆಲ ಕಳೆದುಕೊಳ್ಳುವವರ ಸಂಕಟವಿತ್ತು. ದೈವಕರೆಯನ್ನು ಪರಿಶೀಲಿಸುವವರು ಇದನ್ನು ಗಮನಿಸಬೇಕು. ಪ್ರಾರ್ಥನೆಯ ಮೌನದಲ್ಲಿ ಕೇಳಿಸುವ ಕರೆಯಂತೆಯೇ ಅನ್ಯಾಯದ ದರ್ಶನದಿಂದ ಹುಟ್ಟುವ ಕರೆಯೂ ಪವಿತ್ರ ಗ್ರಂಥಕ್ಕೆ ಹೊಸದಲ್ಲ. ಮೋಶೆಯ ವೃತ್ತಾಂತ ನಮ್ಮೆದುರಿಗಿದೆ.

1778ರಲ್ಲಿ ಪಾಂಡಿಚೇರಿಯಲ್ಲಿ ಫ್ರೆಂಚ್ ಮಿಷನರಿಗಳಿಂದ ಆರಂಭವಾಗಿ 1934ರಲ್ಲಿ ಬೆಂಗಳೂರಿಗೆ ಬಂದ ಸಂತ ಪೇತ್ರರ ಗುರುಮಠ, ಆ ಕಾಲದ ಎಲ್ಲ ಗುರುಮಠಗಳಂತೆ ಟ್ರೆಂಟ್ ಮಹಾಸಭೆಯ ಅಚ್ಚಿನಲ್ಲಿ ರೂಪುಗೊಂಡಿತ್ತು. 1563ರಲ್ಲಿ ಆ ಮಹಾಸಭೆ ಹಾಕಿಕೊಟ್ಟ ಮಾದರಿಯ ಜೀವಾಳವೆಂದರೆ ಶಿಸ್ತು, ಪ್ರತ್ಯೇಕತೆ ಮತ್ತು ಶ್ರೇಣಿ. ಗಂಟೆಯ ಸದ್ದಿಗೆ ಏಳುವುದು, ಲತೀನ್ ಭಾಷೆಯಲ್ಲಿ ತರ್ಕಶಾಸ್ತ್ರ, ಮೌನದಲ್ಲಿ ಊಟ. ಫರ್ನಾಂಡಿಸರಿಗೆ ತಿಳಿದಿದ್ದ ಹತ್ತು ಭಾಷೆಗಳಲ್ಲಿ ಲತೀನ್ ಕೂಡ ಒಂದೆಂಬುದು ಆ ದಿನಗಳ ಗುರುತು. ಊಟದ ಮನೆಯಲ್ಲಿ ಮೇಲಧಿಕಾರಿಗಳು ಎತ್ತರದ ಮೇಜಿನಲ್ಲಿ ಕುಳಿತು ಒಳ್ಳೆಯ ಊಟ ಮಾಡುತ್ತಿದ್ದರು, ಅಭ್ಯರ್ಥಿಗಳಿಗೆ ಕೆಳಗಿನ ಮೇಜು ಮತ್ತು ಕೆಳದರ್ಜೆಯ ಊಟ ಎಂಬುದು ಅವರು ಗುರುಮಠವನ್ನು ಬಿಟ್ಟುದಕ್ಕೆ ಜೀವನವಿಡೀ ಕೊಟ್ಟ ಕಾರಣ. ಬೋಧನೆಗೂ ಆಚರಣೆಗೂ ನಡುವೆ ಕಂಡ ಅಂತರ ತಮ್ಮನ್ನು ನಿರಾಶೆಗೊಳಿಸಿತೆಂದು ಅವರು ಹೇಳುತ್ತಿದ್ದರು.

ಈ ಕಾರಣವನ್ನು ಕೇಳಿ ನಗುವವರುಂಟು. ಊಟದ ವಿಷಯಕ್ಕೆ ದೈವಕರೆಯನ್ನೇ ಬಿಡುವುದೇ ಎಂದು ಕೇಳುವವರುಂಟು. ಎತ್ತರದ ಮೇಜು ಆ ಕಾಲದ ಧಾರ್ಮಿಕ ಮನೆಗಳಲ್ಲೆಲ್ಲ ಇದ್ದ ಪದ್ಧತಿ, ಯಾರೊಬ್ಬರ ದುರುದ್ದೇಶವಲ್ಲ ಎಂಬುದೂ ಸತ್ಯವೇ. ಆದರೆ ಅದು ಯುದ್ಧಾನಂತರದ ಪಡಿತರದ ಕಾಲವಾಗಿತ್ತೆಂಬುದನ್ನು ನೆನೆಯಬೇಕು. ಅಂದು ನಾಡಿನ ಮನೆಮನೆಯಲ್ಲಿ ಅಕ್ಕಿಯನ್ನು ಅಳೆದು ಬೇಯಿಸುತ್ತಿದ್ದರು. ಇನ್ನೂ ಮುಖ್ಯವಾಗಿ, ಕನ್ನಡ ನಾಡಿನಲ್ಲಿ ಊಟದ ಸಾಲಿನ ಪ್ರಶ್ನೆ ಎಂದಿಗೂ ಸಣ್ಣದಾಗಿರಲಿಲ್ಲ. ಅದಕ್ಕೆ ನಮ್ಮಲ್ಲಿ 'ಪಂಕ್ತಿಭೇದ' ಎಂಬ ಹೆಸರೇ ಇದೆ. ಹನ್ನೆರಡನೆಯ ಶತಮಾನದ ಶರಣರು ದಾಸೋಹವನ್ನು ಧರ್ಮದ ನಡುಮನೆಗೆ ತಂದಾಗ ಅವರು ಎದುರಿಸಿದ್ದೂ ಇದನ್ನೇ. ನಮ್ಮ ಪರಂಪರೆಗೆ ಬಂದರೆ, ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಒಬ್ಬರು ಹಸಿದಿರುವಾಗ ಮತ್ತೊಬ್ಬರು ಕುಡಿದು ಮತ್ತರಾಗುವ ಸಭೆಯನ್ನು ಪ್ರಭುವಿನ ಭೋಜನವೆಂದು ಕರೆಯಲೂ ಒಪ್ಪಲಿಲ್ಲ. ಪರಮಪ್ರಸಾದದ ಸ್ಥಾಪನೆಯ ಕುರಿತು ಹೊಸ ಒಡಂಬಡಿಕೆಯಲ್ಲಿ ನಮಗೆ ದೊರೆಯುವ ಅತ್ಯಂತ ಹಳೆಯ ಬರಹ ಹುಟ್ಟಿದ್ದೇ ಪಂಕ್ತಿಭೇದದ ವ್ಯಾಜ್ಯದಲ್ಲಿ. ಆದುದರಿಂದ ಹತ್ತೊಂಬತ್ತರ ತರುಣನು ಎತ್ತಿದ ಪ್ರಶ್ನೆ ಹೊಟ್ಟೆಯದಲ್ಲ, ದೈವಶಾಸ್ತ್ರದ್ದು. ಅದಕ್ಕೆ ಗುರುಮಠದೊಳಗೇ ಉತ್ತರ ದೊರೆಯದೆ ಹೋದುದು ನಮ್ಮ ಇತಿಹಾಸದ ಭಾಗ.

2. ಬೀದಿಯ ಪಾಠ

ಹೊರಬಂದ ಫರ್ನಾಂಡಿಸರು ಮೊದಲು ಸೇರಿಕೊಂಡದ್ದು ಯಾರನ್ನು ಎಂಬುದು ಅರ್ಥಪೂರ್ಣವಾದ ಸಂಗತಿ. ಮಂಗಳೂರಿನ ಸಾರಿಗೆ ಕೆಲಸಗಾರರನ್ನೂ ಹೋಟೆಲು ಕಾರ್ಮಿಕರನ್ನೂ ಅವರು ಸಂಘಟಿಸತೊಡಗಿದರು. ಊಟದ ಮನೆಯಿಂದ ಎದ್ದವರು ಅಡುಗೆ ಮಾಡುವವರ, ಎಲೆ ಎತ್ತುವವರ ಬಳಿಗೆ ಹೋದರು. ಅದೇ ಸುಮಾರಿಗೆ 'ರೈತವಾಣಿ' ಎಂಬ ಕನ್ನಡ ವಾರಪತ್ರಿಕೆಯನ್ನೂ 'ಕೊಂಕಣಿ ಯುವಕ್' ಎಂಬ ಪತ್ರಿಕೆಯನ್ನೂ ಸಂಪಾದಿಸಿದರು.

ಅನಂತರ ಮುಂಬಯಿ. ಕೆಲಸ ಸಿಗುವವರೆಗೆ ಚೌಪಾಟಿಯ ಮರಳದಂಡೆಯ ಬೆಂಚುಗಳೇ ಹಾಸಿಗೆ. ನಡುರಾತ್ರಿ ಪೊಲೀಸರು ಬಂದು ಎಬ್ಬಿಸುತ್ತಿದ್ದರು. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಬಂದರು ಕಾರ್ಮಿಕರ ನಾಯಕರಾಗಿದ್ದ ಪ್ಲಾಸಿಡ್ ಡಿಮೆಲ್ಲೊ ಅವರಿಂದ ಸಂಘಟನೆಯ ಕಸುಬನ್ನೂ ರಾಮಮನೋಹರ ಲೋಹಿಯಾ ಅವರಿಂದ ಸಮಾಜವಾದದ ವಿಚಾರವನ್ನೂ ಅವರು ಕಲಿತರು. 1961ರಲ್ಲಿ ಮುಂಬಯಿ ನಗರಪಾಲಿಕೆಯ ಸದಸ್ಯರಾದರು.

ಕಾರ್ಮಿಕರ ಸಂಘಟನೆಯ ಹಕ್ಕನ್ನು ಪೋಪ್ ಹದಿಮೂರನೆಯ ಲಿಯೋ 1891ರ ಮೇ 15ರ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಎತ್ತಿಹಿಡಿದಿದ್ದರು. ಫರ್ನಾಂಡಿಸರು ಗುರುಮಠಕ್ಕೆ ಕಾಲಿಡುವ ಹೊತ್ತಿಗೆ ಆ ಪತ್ರಕ್ಕೆ ಐವತ್ತೈದು ವರ್ಷವಾಗಿತ್ತು. ಆದರೂ ಅವರು ಕಾರ್ಮಿಕ ಧರ್ಮವನ್ನು ಕಲಿತದ್ದು ತರಗತಿಯಲ್ಲಲ್ಲ, ಬಂದರಿನಲ್ಲಿ. ಅವರು ಬಿಟ್ಟುಹೋದ ಬೆಂಗಳೂರು ಕೂಡ ಆಗಲೇ ಕಾರ್ಮಿಕರ ನಗರವಾಗುತ್ತಿತ್ತು. 1949ರಲ್ಲಿ ಗುರುಮಠದಿಂದ ದೂರವಲ್ಲದ ರಾಜಾಜಿನಗರದಲ್ಲಿ ಕೈಗಾರಿಕಾ ಉಪನಗರಕ್ಕೆ ಅಡಿಗಲ್ಲು ಬಿತ್ತು. ಹಳ್ಳಿಗಳಿಂದ ಬಂದ ಸಾವಿರಾರು ಕುಟುಂಬಗಳು ಪಾಳಿಯ ಗಂಟೆಗೆ ಒಗ್ಗಿಕೊಂಡವು. ಗುರುಮಠದ ಗಂಟೆ ಮತ್ತು ಕಾರ್ಖಾನೆಯ ಗಂಟೆ ಹೀಗೆ ಒಂದೇ ಬಡಾವಣೆಯ ಆಸುಪಾಸಿನಲ್ಲಿ ಮೊಳಗತೊಡಗಿದವು. ಒಂದು ಇನ್ನೊಂದಕ್ಕೆ ಎಷ್ಟು ಕಿವಿಗೊಟ್ಟಿತು ಎಂಬುದು ನಮ್ಮ ಪ್ರಾಂತ್ಯದ ಧರ್ಮಸಭೆಯ ಇತಿಹಾಸಕಾರರು ಇನ್ನೂ ವಿವರವಾಗಿ ಬರೆಯಬೇಕಾದ ಅಧ್ಯಾಯ.

3. ಇಪ್ಪತ್ತಮೂರು ಮಂದಿಯ ಪಕ್ಷ

1967ರ ಮಹಾಚುನಾವಣೆಯಲ್ಲಿ ಸಂಯುಕ್ತ ಸಮಾಜವಾದಿ ಪಕ್ಷವು ಫರ್ನಾಂಡಿಸರನ್ನು ದಕ್ಷಿಣ ಮುಂಬಯಿಯಿಂದ ಕಣಕ್ಕಿಳಿಸಿತು. ಎದುರಾಳಿ ಎಸ್. ಕೆ. ಪಾಟೀಲ್ ಕೇಂದ್ರದ ರೈಲ್ವೆ ಮಂತ್ರಿ. ಮುಂಬಯಿಯ ಕಿರೀಟವಿಲ್ಲದ ದೊರೆಯೆಂದೇ ಹೆಸರಾದವರು. ಫರ್ನಾಂಡಿಸರು ಗೆದ್ದರು. ಪತ್ರಿಕೆಗಳು ಅವರನ್ನು ದೈತ್ಯಸಂಹಾರಿ ಎಂದು ಕರೆದವು.

ಅವರ ಪಕ್ಷಕ್ಕೆ ದೊರೆತದ್ದು 23 ಸ್ಥಾನಗಳು. ಚುನಾವಣೆ ನಡೆದ 520 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 283 ಬಂದಿದ್ದವು. 23 ಮಂದಿಯಿಂದ ಸರ್ಕಾರ ರಚಿಸಲಾಗದು, ಕೆಡವಲೂ ಆಗದು. ಆದರೆ ಅಂತಹ ಪಕ್ಷವೊಂದು ಏನು ಮಾಡಬಲ್ಲದೆಂಬುದನ್ನು ಲೋಹಿಯಾ ಆಗಲೇ ತೋರಿಸಿದ್ದರು. 1963ರಲ್ಲಿ ಉಪಚುನಾವಣೆ ಗೆದ್ದು ಸದನ ಪ್ರವೇಶಿಸಿದ ಅವರು, ಈ ದೇಶದ ಬಹುಪಾಲು ಜನರು ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ವಾದಿಸಿದರು. ಸರ್ಕಾರವು ಹದಿನೈದಾಣೆಯ ಲೆಕ್ಕವನ್ನು ಮುಂದಿಟ್ಟಿತು. ಆ ಚರ್ಚೆಯಿಂದ ಬಡವನ ತಟ್ಟೆ ಸಂಸತ್ತಿನ ಮೇಜಿನ ಮೇಲೆ ಬಂದಿತು. ಸಣ್ಣ ಪಕ್ಷಕ್ಕೆ ತೂಕವಿಲ್ಲ, ಆದರೆ ದನಿಯಿದೆ. ಕಳೆದುಕೊಳ್ಳಲು ಏನೂ ಇಲ್ಲದ್ದರಿಂದ ಆ ದನಿಗೆ ಅಂಜಿಕೆಯೂ ಇಲ್ಲ. ಕನ್ನಡ ನಾಡಿಗೆ ಇದು ಹೊಸ ಪಾಠವೇನಲ್ಲ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಪರವಾಗಿ ನಿಂತವರೂ ಬೆರಳೆಣಿಕೆಯ ಸಮಾಜವಾದಿಗಳೇ. ಅಲ್ಲಿಗೆ ಬಂದ ಲೋಹಿಯಾ ಬಂಧನಕ್ಕೊಳಗಾದರು. ಮಂಗಳೂರಿನ ಮಗನೊಬ್ಬನು ಒಕ್ಕಲೆಬ್ಬಿಸುವುದನ್ನು ಕಂಡು ಮನನೊಂದ ಕಥೆಗೂ ಇದಕ್ಕೂ ನಂಟಿದೆ.

1971ರಲ್ಲಿ ಫರ್ನಾಂಡಿಸರು ಸೋತರು. ಸಂಸತ್ತಿನ ಹೊರಗಿದ್ದಾಗಲೇ, 1973ರಲ್ಲಿ, ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾದರು. 1974ರ ಮೇ 8ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು 17 ಲಕ್ಷ ನೌಕರರು ಭಾಗಿಗಳಾದರು. ಎಂಟು ಗಂಟೆಗಳ ದುಡಿಮೆ, ಬೋನಸ್, ಇತರ ಸರ್ಕಾರೀ ಉದ್ದಿಮೆಗಳಿಗೆ ಸಮನಾದ ವೇತನ ಇವು ಅವರ ಬೇಡಿಕೆಗಳು. ಸರ್ಕಾರದ ಉತ್ತರ ಕಠೋರವಾಗಿತ್ತು. ಸಾವಿರಾರು ಮಂದಿಯ ಬಂಧನವಾಯಿತು. ರೈಲ್ವೆ ಕಾಲೊನಿಗಳಲ್ಲಿ ಮುಷ್ಕರನಿರತರ ಕುಟುಂಬಗಳನ್ನು ಮನೆಗಳಿಂದ ಹೊರಹಾಕಿದ ವರದಿಗಳು ಬಂದವು. ಮೇ 27ರಂದು ಮುಷ್ಕರವನ್ನು ಹಿಂತೆಗೆದುಕೊಳ್ಳಲಾಯಿತು. ಸೋತ ಮುಷ್ಕರವೆಂದರೂ ಅದು ದೇಶದ ಕಾರ್ಮಿಕ ಚರಿತ್ರೆಯಲ್ಲಿ ಅತಿ ದೊಡ್ಡ ಮುಷ್ಕರಗಳಲ್ಲೊಂದು.

4. ಸಂಕೋಲೆ

1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾದಾಗ ಫರ್ನಾಂಡಿಸರು ಒಡಿಶಾದ ಗೋಪಾಲಪುರದಲ್ಲಿದ್ದರು. ಅಲ್ಲಿಂದಲೇ ಭೂಗತರಾದರು. ಸಿಖ್ಖರ ವೇಷದಲ್ಲಿ ಊರೂರು ಅಲೆದರು. ಅವರ ಸುಳಿವಿಗಾಗಿ ನಡೆದ ಬೇಟೆಯ ಬಲುಭಾರವನ್ನು ಹೊತ್ತದ್ದು ಬೆಂಗಳೂರು. 1976ರ ಮೇ 1ರಂದು ತಮ್ಮ ಲಾರೆನ್ಸ್ ಅವರನ್ನು ಇಲ್ಲಿನ ಮನೆಯಿಂದ ಪೊಲೀಸರು ಕರೆದೊಯ್ದು, ಅಣ್ಣನ ಅಡಗುತಾಣವನ್ನು ಹೇಳೆಂದು ಚಿತ್ರಹಿಂಸೆ ಕೊಟ್ಟರು. ತಾಯಿ ಆಲಿಸ್ ರಾಷ್ಟ್ರಪತಿಗಳಿಗೆ ಪತ್ರ ಬರೆದರು. ಕಾರ್ಮಿಕ ಮುಖಂಡರಾಗಿದ್ದ ಇನ್ನೊಬ್ಬ ತಮ್ಮ ಮೈಕಲ್ ಅವರೂ ಸೆರೆಯಲ್ಲಿದ್ದರು. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರಾಗಿದ್ದ ಸ್ನೇಹಲತಾ ರೆಡ್ಡಿ, ಫರ್ನಾಂಡಿಸರ ಒಡನಾಡಿಯೆಂಬ ಕಾರಣಕ್ಕೆ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಅಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಫರ್ನಾಂಡಿಸರು ಕೊನೆಗೆ ಸಿಕ್ಕಿಬಿದ್ದದ್ದು 1976ರ ಜೂನ್ 10ರಂದು, ಕಲ್ಕತ್ತದ ಸಂತ ಪೌಲರ ಕೆಥೆಡ್ರಲಿನ ಆವರಣದಲ್ಲಿ. ಗುರುಮಠದ ಬಾಗಿಲಿನಿಂದ ಹೊರನಡೆದವರಿಗೆ ಇಪ್ಪತ್ತೇಳು ವರ್ಷಗಳ ಬಳಿಕ ದೇಶವೇ ಬಾಗಿಲು ಮುಚ್ಚಿದಾಗ ಒಂದು ದೇವಾಲಯದ ಆವರಣ ಆಶ್ರಯ ಕೊಟ್ಟಿತ್ತು. ಆ ದೇವಾಲಯ ನಮ್ಮ ಪಂಗಡದ್ದಲ್ಲ, ಉತ್ತರ ಭಾರತ ಸಭೆಯದು ಎಂಬುದನ್ನು ಕಥೋಲಿಕರಾದ ನಾವು ವಿನಯದಿಂದ ನೆನೆಯಬೇಕು.

ಇಲ್ಲಿ ಒಂದು ನೈತಿಕ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಬರೋಡಾ ಡೈನಮೈಟ್ ಪ್ರಕರಣದಲ್ಲಿ ಫರ್ನಾಂಡಿಸರ ಮೇಲೂ ಇನ್ನೂ 24 ಮಂದಿಯ ಮೇಲೂ ರೈಲುಮಾರ್ಗ ಮುಂತಾದವನ್ನು ಸ್ಫೋಟಿಸಲು ಸಿಡಿಮದ್ದು ಸಂಗ್ರಹಿಸಿದ ಆರೋಪವಿತ್ತು. ಜೀವಹಾನಿಯಾಗಬಾರದೆಂಬುದು ತಮ್ಮ ಕಟ್ಟಳೆಯಾಗಿತ್ತೆಂದು ಆ ಗುಂಪಿನವರು ಮುಂದೆ ಹೇಳಿಕೊಂಡರು. ಸರ್ಕಾರ ಬದಲಾದ ಮೇಲೆ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಲಾಯಿತು. ಪೋಪ್ ಆರನೆಯ ಪೌಲರು 1967ರ 'ಪೊಪ್ಯುಲೋರುಮ್ ಪ್ರೊಗ್ರೆಸ್ಸಿಯೊ' ವಿಶ್ವಪತ್ರದ 31ನೆಯ ಕಂಡಿಕೆಯಲ್ಲಿ, ದೀರ್ಘಕಾಲದ ಬಹಿರಂಗ ದಬ್ಬಾಳಿಕೆಯ ಸಂದರ್ಭವನ್ನು ಹೊರತುಪಡಿಸಿ, ಬಲಪ್ರಯೋಗದ ಬಂಡಾಯವು ಹೊಸ ಅನ್ಯಾಯಗಳನ್ನೇ ಹೆರುತ್ತದೆಂದು ಎಚ್ಚರಿಸಿದ್ದರು. ಆ ಹೊರತಿನೊಳಗೆ 21 ತಿಂಗಳ ತುರ್ತು ಪರಿಸ್ಥಿತಿ ಸೇರುತ್ತದೆಯೇ? ಸೇರುವುದಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ಆ ಆಳ್ವಿಕೆಯನ್ನು ಕೊನೆಗಾಣಿಸಿದ್ದು ಮತದಾನವೇ. ಆದರೆ ಅಂದು ಮೌನವಾಗಿದ್ದವರಿಗೆ ಆ ತೀರ್ಪನ್ನು ಗಟ್ಟಿದನಿಯಲ್ಲಿ ಹೇಳುವ ಹಕ್ಕು ಕಡಿಮೆ.

1977ರಲ್ಲಿ ಅವರು ಸೆರೆಮನೆಯಿಂದಲೇ ಬಿಹಾರದ ಮುಜಫ್ಫರಪುರದಲ್ಲಿ ಸ್ಪರ್ಧಿಸಿದರು. ಕೈಕೋಳ ತೊಟ್ಟ ಕೈಯನ್ನು ಮೇಲೆತ್ತಿದ ಅವರ ಚಿತ್ರವೇ ಪ್ರಚಾರವಾಯಿತು. ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

5. ಹನ್ನೆರಡು ಮಂದಿಯ ಪಕ್ಷ

ಗೆಲುವಿನೊಂದಿಗೆ ಸಣ್ಣ ಪಕ್ಷ ದೊಡ್ಡ ಜನತಾ ಪಕ್ಷದೊಳಗೆ ಕರಗಿತು, ಫರ್ನಾಂಡಿಸರು ಮಂತ್ರಿಗಳಾದರು. 1979ರ ಜುಲೈನಲ್ಲಿ ಮೊರಾರ್ಜಿ ದೇಸಾಯಿಯವರ ಸರ್ಕಾರವನ್ನು ಸದನದಲ್ಲಿ ಸಮರ್ಥವಾಗಿ ಸಮರ್ಥಿಸಿ, ಕೆಲವೇ ದಿನಗಳೊಳಗೆ ಅದನ್ನೇ ತೊರೆದು ಚರಣಸಿಂಗರ ಪಾಳಯ ಸೇರಿದ್ದು ಅವರ ಹೆಸರಿಗೆ ಅಂಟಿದ ಮೊದಲ ಕಲೆ. 1984ರಲ್ಲಿ, ತಾವು ಗುರುಮಠದ ವಿದ್ಯಾರ್ಥಿಯಾಗಿದ್ದ ನಗರದಲ್ಲೇ, ಬೆಂಗಳೂರು ಉತ್ತರ ಕ್ಷೇತ್ರದಿಂದ ನಿಂತು ಸಿ. ಕೆ. ಜಾಫರ್ ಷರೀಫರಿಗೆ ಸೋತರು. 1989ರಲ್ಲಿ ಮುಜಫ್ಫರಪುರದಿಂದ ಮತ್ತೆ ಗೆದ್ದು, ರೈಲ್ವೆ ಮಂತ್ರಿಯಾಗಿ 1990ರಲ್ಲಿ ಕೊಂಕಣ ರೈಲ್ವೆ ನಿಗಮದ ಸ್ಥಾಪನೆಗೆ ಕಾರಣರಾದರು. ಕರಾವಳಿಯ ಜನ ಅವರನ್ನು ಇಂದಿಗೂ ನೆನೆಯುವುದು ಇದಕ್ಕಾಗಿ.

1994ರಲ್ಲಿ ಜನತಾ ದಳದಿಂದ ಸಿಡಿದು ನಿತೀಶ್ ಕುಮಾರರೊಡನೆ ಸಮತಾ ಪಕ್ಷವನ್ನು ಕಟ್ಟಿದರು. ಸಮತೆ ಎಂಬ ಹೆಸರಿನಲ್ಲಿಯೇ ಹಳೆಯ ಪ್ರಶ್ನೆಯ ನೆನಪಿತ್ತು. 1996ರಲ್ಲಿ ಪಕ್ಷಕ್ಕೆ 8 ಸ್ಥಾನಗಳು, 1998ರಲ್ಲಿ 12. ಭಾರತೀಯ ಜನತಾ ಪಕ್ಷದೊಂದಿಗೆ ಅವರು ಮಾಡಿಕೊಂಡ ಮೈತ್ರಿಗೆ ಹಿನ್ನೆಲೆಯಿತ್ತು. ಕಾಂಗ್ರೆಸ್ಸೇತರ ಶಕ್ತಿಗಳೆಲ್ಲ ಒಂದಾಗಬೇಕೆಂಬ ಲೋಹಿಯಾ ಅವರ ತಂತ್ರ, ತುರ್ತು ಪರಿಸ್ಥಿತಿಯ ಸೆರೆಮನೆಗಳಲ್ಲಿ ಬೆಳೆದ ಒಡನಾಟ, ಬಿಹಾರದ ಒಳರಾಜಕೀಯ, ಮೂರೂ ಸೇರಿಕೊಂಡಿದ್ದವು. 1998ರ ಆಡಳಿತದ ಕಾರ್ಯಸೂಚಿಯಿಂದ ವಿವಾದಾಸ್ಪದ ವಿಷಯಗಳನ್ನು ಕೈಬಿಡಲಾಗಿತ್ತೆಂಬುದೂ ನಿಜ. ಅವರು ರಕ್ಷಣಾ ಮಂತ್ರಿಗಳೂ ಮೈತ್ರಿಕೂಟದ ಸಂಚಾಲಕರೂ ಆದರು. ವೈಯಕ್ತಿಕ ಬದುಕು ಸರಳವಾಗಿಯೇ ಉಳಿಯಿತು. ಬಟ್ಟೆಯನ್ನು ತಾವೇ ಒಗೆದುಕೊಳ್ಳುತ್ತಿದ್ದರು. ದೆಹಲಿಯ ಕೃಷ್ಣ ಮೆನನ್ ಮಾರ್ಗದ ಅವರ ಸರ್ಕಾರೀ ಮನೆಗೆ ಗೇಟೇ ಇರಲಿಲ್ಲ. ಬರ್ಮಾದ ನಿರಾಶ್ರಿತ ತರುಣರು ಅಲ್ಲಿ ಉಳಿದಿದ್ದರು. ಸಿಯಾಚಿನ್ನಿನ ಹಿಮದಲ್ಲಿದ್ದ ಸೈನಿಕರ ಬಳಿಗೆ ಮತ್ತೆಮತ್ತೆ ಹೋದರು.

ಆದರೆ 12 ಮಂದಿಯ ಪಕ್ಷ 23 ಮಂದಿಯ ಪಕ್ಷದಂತಿರಲಿಲ್ಲ. 1999ರ ಏಪ್ರಿಲ್ 17ರಂದು ಒಂದೇ ಒಂದು ಮತದಿಂದ ಸರ್ಕಾರ ಬಿದ್ದ ಆ ಲೋಕಸಭೆಯಲ್ಲಿ 12 ಸ್ಥಾನಗಳೆಂದರೆ ಭಾರೀ ತೂಕ. ತೂಕ ಬಂದಲ್ಲಿ ದನಿ ಏನಾಯಿತು? 1998ರ ಡಿಸೆಂಬರಿನಲ್ಲಿ ಗುಜರಾತಿನ ಡಾಂಗ್ಸ್ ಜಿಲ್ಲೆಯಲ್ಲಿ ಆದಿವಾಸಿ ಕ್ರೈಸ್ತರ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದವು. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಅವರನ್ನೂ ಮಕ್ಕಳಾದ ಹತ್ತು ವರ್ಷದ ಫಿಲಿಪ್ ಮತ್ತು ಆರು ವರ್ಷದ ತಿಮೊಥಿ ಅವರನ್ನೂ ವಾಹನದೊಳಗೇ ಸುಟ್ಟು ಕೊಂದರು. ಕೇಂದ್ರವು ಕಳುಹಿಸಿದ ಮೂವರು ಮಂತ್ರಿಗಳ ತಂಡದಲ್ಲಿ ಫರ್ನಾಂಡಿಸರಿದ್ದರು. ಹೋಗಿ ಬಂದ ತಂಡವು ಈ ಕೃತ್ಯದ ಹಿಂದೆ ಸರ್ಕಾರವನ್ನು ಅಸ್ಥಿರಗೊಳಿಸುವ ಅಂತರರಾಷ್ಟ್ರೀಯ ಪಿತೂರಿಯಿದೆಯೆಂದು ಹೇಳಿತು. ವಾಧ್ವಾ ಆಯೋಗವು ದಾರಾಸಿಂಗನನ್ನು ಹೊಣೆಗಾರನೆಂದು ಗುರುತಿಸಿತು, ನ್ಯಾಯಾಲಯಗಳು ಅವನಿಗೆ ಶಿಕ್ಷೆ ವಿಧಿಸಿದವು; ವಿದೇಶೀ ಪಿತೂರಿ ಯಾವ ತೀರ್ಪಿನಲ್ಲಿಯೂ ಸ್ಥಾಪಿತವಾಗಲಿಲ್ಲ. ಅಂದು ಗುರುಮಠಗಳಲ್ಲಿದ್ದ ನನ್ನ ಪೀಳಿಗೆಯವರಿಗೆ ಆ ಹೇಳಿಕೆ ಕೊಲೆಯ ಸುದ್ದಿಯಷ್ಟೇ ನೋವು ತಂದಿತು. ಅದನ್ನಾಡಿದವರಲ್ಲಿ ಒಬ್ಬರು ಒಂದು ಕಾಲದಲ್ಲಿ ನಮ್ಮಂತೆಯೇ ಗುರುಮಠದ ಬೆಂಚಿನಲ್ಲಿ ಕುಳಿತವರಾಗಿದ್ದರು.

2002ರ ಗುಜರಾತ್ ಹಿಂಸಾಚಾರದ ಮೊದಲ ದಿನಗಳಲ್ಲಿ ರಕ್ಷಣಾ ಮಂತ್ರಿಯಾಗಿ ಅವರು ತಾವೇ ಅಹಮದಾಬಾದಿಗೆ ಹೋಗಿದ್ದರು. ಇದನ್ನು ಮರೆಯಬಾರದು. ಆದರೆ ಏಪ್ರಿಲ್ 30ರಂದು ಲೋಕಸಭೆಯಲ್ಲಿ ಮಾತನಾಡುತ್ತ, ಸ್ತ್ರೀಯರ ಮೇಲೆ ನಡೆದ ಅತ್ಯಾಚಾರಗಳು ಈ ದೇಶದಲ್ಲಿ ಹಿಂದೆಂದೂ ನಡೆಯದಂತಹವೇನಲ್ಲ ಎಂಬರ್ಥದ ಮಾತನ್ನಾಡಿದರು. 1984ರ ದೆಹಲಿಯನ್ನು ನೆನಪಿಸುವುದು ಅವರ ಉದ್ದೇಶವಾಗಿದ್ದಿರಬಹುದು. ಆದರೂ ಹಳೆಯ ಅನ್ಯಾಯವನ್ನು ಹೊಸ ಅನ್ಯಾಯಕ್ಕೆ ಅಡ್ಡಗೋಡೆಯಾಗಿಸುವ ವಾದ ಅದು. 'ಹಿಂದಿನಿಂದಲೂ ಹೀಗೆಯೇ ನಡೆದುಬಂದಿದೆ' ಎಂಬ ಸಮಾಧಾನವನ್ನು ಊಟದ ಮನೆಯಲ್ಲಿ ಹತ್ತೊಂಬತ್ತರ ತರುಣ ಒಪ್ಪಿರಲಿಲ್ಲ. ಎಪ್ಪತ್ತೊಂದರ ಮಂತ್ರಿ ಅದನ್ನೇ ಇತರರಿಗೆ ಹೇಳಿದರು. ಅವರ ಬದುಕಿನ ದುರಂತ ನನಗೆ ಕಾಣುವುದು ಇಲ್ಲಿ.

ಉಳಿದದ್ದು ಇಳಿಹಾದಿ. 2003ರಲ್ಲಿ ಸಮತಾ ಪಕ್ಷ ಸಂಯುಕ್ತ ಜನತಾ ದಳದಲ್ಲಿ ಲೀನವಾಯಿತು. 2009ರಲ್ಲಿ ಸ್ವಂತ ಪಕ್ಷವೇ ಟಿಕೆಟ್ ನಿರಾಕರಿಸಿದಾಗ ಪಕ್ಷೇತರರಾಗಿ ನಿಂತು ಠೇವಣಿ ಕಳೆದುಕೊಂಡರು. ಸ್ವಲ್ಪ ಕಾಲ ರಾಜ್ಯಸಭೆಯಲ್ಲಿದ್ದರು. ಆಲ್‌ಜೈಮರ್ ಕಾಯಿಲೆಯಿಂದ ನೆನಪು ಮಾಸಿ, 2019ರ ಜನವರಿ 29ರಂದು ತೀರಿಕೊಂಡರು. ದೇಹವನ್ನು ದಹಿಸಿ, ಅವಶೇಷವನ್ನು ದೆಹಲಿಯ ಪೃಥ್ವೀರಾಜ್ ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಹೂಳಲಾಯಿತು.

6. ನಮ್ಮ ಬಳಿಗೆ ಮರಳಿದ ಪ್ರಶ್ನೆ

ಈ ಚರಿತ್ರೆಯಿಂದ ಗುರುಗಳಿಗೂ ಗುರು ಅಭ್ಯರ್ಥಿಗಳಿಗೂ ಮೂರು ವಿಚಾರಗಳು ಒದಗುತ್ತವೆ.

ಮೊದಲನೆಯದು, ಧರ್ಮಸಭೆಯ ಸ್ವಂತ ತಿದ್ದುಪಡಿ. ಫರ್ನಾಂಡಿಸರು ಹೊರನಡೆದು ಒಂದೂವರೆ ದಶಕ ಕಳೆದ ಬಳಿಕ ದ್ವಿತೀಯ ವ್ಯಾಟಿಕನ್ ಮಹಾಸಭೆ ಅವರ ಪ್ರಶ್ನೆಯನ್ನು ತನ್ನದೇ ಮಾತಿನಲ್ಲಿ ಎತ್ತಿಕೊಂಡಿತು. 1965ರ 'ಒಪ್ತಾತಾಮ್ ತೋತಿಯುಸ್' ಆದೇಶವು ಅಭ್ಯರ್ಥಿಗಳು ಅಧಿಕಾರಕ್ಕಾಗಲಿ ಗೌರವಕ್ಕಾಗಲಿ ಕರೆಯಲ್ಪಟ್ಟವರಲ್ಲವೆಂದು ಕಲಿಸಿತು. ಯಾಜಕರ ಕುರಿತಾದ ಆದೇಶದ 17ನೆಯ ಕಂಡಿಕೆಯು ಸ್ವಯಂಪ್ರೇರಿತ ಬಡತನವನ್ನು ಹೊಗಳಿ, ಅತ್ಯಂತ ದೀನನೂ ಅಂಜದೆ ಬರುವಂತಿರಬೇಕು ಗುರುಗಳ ಮನೆ ಎಂದಿತು. ಗೇಟಿಲ್ಲದ ಮನೆಯಲ್ಲಿ ಬಾಳಿದ ಮಂತ್ರಿಯೊಬ್ಬರು ಆ ಕಂಡಿಕೆಯನ್ನು ನಮ್ಮಲ್ಲಿ ಅನೇಕರಿಗಿಂತ ಚೆನ್ನಾಗಿ ಪಾಲಿಸಿದರೆನ್ನಲು ಸಂಕೋಚಪಡಬೇಕಿಲ್ಲ.

ಎರಡನೆಯದು, ಶ್ರೀಸಾಮಾನ್ಯರ ರಾಜಕೀಯ ಕರೆ. 1983ರ ಧರ್ಮಸಭಾ ಸಂಹಿತೆಯ 285 ಮತ್ತು 287ನೆಯ ವಿಧಿಗಳು ರಾಜ್ಯಾಧಿಕಾರದಲ್ಲಿ ಪಾಲು ಪಡೆಯುವ ಹುದ್ದೆಗಳನ್ನೂ, ವಿಶೇಷ ಕಾರಣಗಳ ಹೊರತು, ಪಕ್ಷಗಳಲ್ಲಿ ಸಕ್ರಿಯ ಪಾತ್ರವನ್ನೂ ಕಾರ್ಮಿಕ ಸಂಘಗಳ ನೇತೃತ್ವವನ್ನೂ ಗುರುಗಳಿಗೆ ನಿಷೇಧಿಸುತ್ತವೆ. ಹಾಗಾದರೆ ಆ ಕೆಲಸ ಶ್ರೀಸಾಮಾನ್ಯ ವಿಶ್ವಾಸಿಗಳದು; ಅವರ ಜೊತೆ ನಡೆಯುವ ಹೊಣೆ ನಮ್ಮದು. 1949ರಿಂದ 2019ರವರೆಗಿನ ಎಪ್ಪತ್ತು ವರ್ಷಗಳಲ್ಲಿ ಫರ್ನಾಂಡಿಸರನ್ನು ಧರ್ಮಸಭೆ ಹೆಚ್ಚಾಗಿ ದೂರದಿಂದ ನೋಡಿತು. ಗೆದ್ದಾಗ ಹೆಮ್ಮೆಪಟ್ಟಿತು, ಎಡವಿದಾಗ ನಿಟ್ಟುಸಿರುಬಿಟ್ಟಿತು. ಸಾರ್ವಜನಿಕ ಜೀವನಕ್ಕಿಳಿದ ವಿಶ್ವಾಸಿಯ ಅಂತಃಸಾಕ್ಷಿಗೆ ಜೊತೆಗಾರರು ಬೇಕು. ಅಧಿಕಾರದ ಸಮೀಪದಲ್ಲಿ ಅದು ಇನ್ನಷ್ಟು ಬೇಕು.

ಮೂರನೆಯದೇ ಕಠಿಣವಾದುದು. 2011ರ ಜನಗಣತಿಯಂತೆ ಈ ದೇಶದಲ್ಲಿ ಕ್ರೈಸ್ತರು ಶೇಕಡ 2.3, ಕರ್ನಾಟಕದಲ್ಲಿ ಶೇಕಡ 1.87. ಅಂದರೆ ನಾವೂ ಒಂದು ಸಣ್ಣ ಪಕ್ಷವೇ. ನಮ್ಮ ಮುಂದೆಯೂ ಅದೇ ಎರಡು ದಾರಿಗಳಿವೆ. ಶಾಲೆ, ಆಸ್ಪತ್ರೆ, ಜಮೀನುಗಳ ರಕ್ಷಣೆಗಾಗಿ ಬಂದ ಸರ್ಕಾರಗಳೊಂದಿಗೆಲ್ಲ ಎತ್ತರದ ಮೇಜಿನಲ್ಲಿ ಒಂದು ಆಸನವನ್ನು ಕಾಯ್ದುಕೊಳ್ಳುವುದು ಒಂದು ದಾರಿ. ಇತರರ ಮೇಲೆ ಅನ್ಯಾಯವಾದಾಗಲೂ ಮಾತನಾಡುವ ಸ್ವಾತಂತ್ರ್ಯವನ್ನು ಕಾಯ್ದುಕೊಳ್ಳುವುದು ಇನ್ನೊಂದು. ಎರಡೂ ಒಟ್ಟಿಗೆ ಸಾಗುತ್ತವೆಂದು ಫರ್ನಾಂಡಿಸರು ನಂಬಿದ್ದರು. ಮನೋಹರಪುರದಲ್ಲಿ ಆ ನಂಬಿಕೆಯ ಬೆಲೆ ಎಷ್ಟೆಂಬುದು ತಿಳಿಯಿತು. ಅವರನ್ನು ದೂರುವ ಮೊದಲು, ನಮ್ಮ ಸಂಸ್ಥೆಗಳ ಹಿತಕ್ಕಾಗಿ ನಾವು ಎಷ್ಟು ಬಾರಿ ಮಾತು ನುಂಗಿದ್ದೇವೆಂದು ಎಣಿಸಿಕೊಳ್ಳುವುದು ನ್ಯಾಯ.

ಈ ಪರೀಕ್ಷೆಯನ್ನು ಸಂಸತ್ತಿನಿಂದ ಆರಂಭಿಸಬೇಕಿಲ್ಲ. ಗುರು ಅಭ್ಯರ್ಥಿಗಳು ಭಾನುವಾರಗಳಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಧರ್ಮಕೇಂದ್ರಗಳಿಗೆ ಸೇವೆಗೆಂದು ಹೋಗುತ್ತಾರೆ. ಅಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವ ತಾಯಂದಿರಿದ್ದಾರೆ, ಗುತ್ತಿಗೆಯ ಕಾವಲುಗಾರರಿದ್ದಾರೆ. ಅವರ ಪಾಳಿ, ಕೂಲಿ, ಭವಿಷ್ಯನಿಧಿಗಳ ಬಗ್ಗೆ ಕೇಳಿ ತಿಳಿದುಕೊಂಡು ಸಂಜೆ ಗುರುಮಠಕ್ಕೆ ಹಿಂದಿರುಗಿದಾಗ ಊಟದ ಗಂಟೆ ಬಾರಿಸುತ್ತದೆ. ಎತ್ತರದ ಮೇಜುಗಳು ಈಗ ಬಹುತೇಕ ಕಡೆ ಇಲ್ಲ. ಗುರುಗಳೂ ಅಭ್ಯರ್ಥಿಗಳೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿಯುತ್ತಾರೆ. ಆದರೆ ಆ ಊಟವನ್ನು ಬೇಯಿಸಿದವರು ಯಾರು, ಅವರಿಗೆ ತಿಂಗಳಿಗೆ ಎಷ್ಟು ಸಂಬಳ, ಕಾಯಿಲೆ ಬಿದ್ದರೆ ಅವರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಚೀಟಿ ಇದೆಯೇ, ಅವರು ಎಲ್ಲಿ ಕುಳಿತು ಉಣ್ಣುತ್ತಾರೆ? ಗುರುಮಠವನ್ನು ಬಿಟ್ಟು ಹೋಟೆಲು ಕಾರ್ಮಿಕರ ಬಳಿಗೆ ಹೋದ ಆ ತರುಣನು ಇಂದು ನಮ್ಮ ಊಟದ ಮನೆಗೆ ಬಂದರೆ ಮೊದಲು ಕೇಳುವ ಪ್ರಶ್ನೆ ಇದೇ ಎಂದು ನಾನು ಭಾವಿಸುತ್ತೇನೆ. ಉತ್ತರ ಅಡುಗೆಮನೆಯಲ್ಲಿದೆ. ಹೋಗಿ ಕೇಳುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ.